ಬೀದಿಯಲ್ಲಿ ಬೆಳೆಯುವ ಹುಡುಗಿಯರ ಆರೋಗ್ಯ

ಬೀದಿಯಲ್ಲಿ ಬದುಕುವ ಹುಡುಗಿಯರ ಆರೋಗ್ಯ ಕೆಡುವುದಕ್ಕೆ ಒಂದು ಮುಖ್ಯ ಕಾರಣ ನೀರು ಮತ್ತು ಶೌಚಾಲಯದ ಕೊರತೆ. ಸೂರಿಲ್ಲದ ಕುಟುಂಬಗಳು ಸಾಮಾನ್ಯವಾಗಿ ನೆಲೆ ಹುಡುಕುವುದು ರೈಲು, ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ. ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ ಇರಲಿ, ಸೇಡಂ, ಚಿತ್ತಾಪುರ, ಚಂದಾಪುರ ಇರಲಿ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಯಲಿಗೆ ಹೋಗಲು ಕತ್ತಲಾಗುವವರೆಗೆ ಕಾಯಬೇಕಾದ ಹುಡುಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಇದರಿಂದ ನಿರ್ಜಲೀಕರಣ, ಉರಿಮೂತ್ರ, ಮೂತ್ರನಾಳದ ಸೋಂಕು ಬರುತ್ತವೆ.

ಮುಟ್ಟಿನ ಬಟ್ಟೆಯನ್ನು ತೊಳೆಯಲು ನೀರಿಲ್ಲ, ಬಿಸಿಲಿಗೆ ಹರವಲು ಮರೆಯಿಲ್ಲ. ಹಸಿ ಬಟ್ಟೆಯನ್ನೇ ಮತ್ತೆ ಬಳಸಿದರೆ ತುರಿಕೆ, ಸೋಂಕು ಹೆಚ್ಚುತ್ತವೆ. ಅರೆಹೊಟ್ಟೆಯ ಊಟ, ಜಂತುಹುಳು, ತಿಂಗಳ ರಕ್ತಸ್ರಾವ ಸೇರಿ ರಕ್ತಹೀನತೆ ತರುತ್ತವೆ. 12 ವರ್ಷ ದಾಟಿದ ಹುಡುಗಿಯಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಒಂದು ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಸಿಗುವುದು ಶಾಲೆ, ಅಂಗನವಾಡಿಗಳಲ್ಲಿ. ರಾಜ್ಯ ಸರ್ಕಾರದ ‘ಶುಚಿ’ ಯೋಜನೆಯ ಮುಟ್ಟಿನ ಪ್ಯಾಡ್ ಮುಖ್ಯವಾಗಿ ಶಾಲೆ, ಹಾಸ್ಟೆಲ್‌ಗಳಲ್ಲಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವಳಿಗೆ ಇವೆರಡೂ ದೂರ.

ಇಂಥ ಹುಡುಗಿಯರಿಗೆ ಕಾನೂನಿನ ನೆರವೂ ಇದೆ: 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಆಸರೆಯಿಲ್ಲದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಂಥ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ, ಕರೆ ಉಚಿತ.