ಬಾಣ ಬಿಟ್ಟು ನೋಡಿ, ಆಮೇಲೆ ರೇಟು

ಮುಡುಕುತೊರೆ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿಯ ದೀಪಗಳು ಹೊತ್ತಿವೆ. ಕೆಳಗೆ ದನಗಳ ಜಾತ್ರೆ. ಹೊಳೆ ದಂಡೆಯಿಂದ ಸಗಣಿ, ಹುಲ್ಲು, ಧೂಳು ಎಲ್ಲ ಕಲೆತ ವಾಸನೆ ಕಿಟಕಿಯಲ್ಲಿ ನುಗ್ಗುತ್ತಿದೆ. ನೀವು ನಡುಮನೆಯಲ್ಲಿ ಟಿವಿಗೆ ಮುಖಮಾಡಿ ನಿಂತಿದ್ದೀರಿ. ಬಲಗೈಯಲ್ಲೊಂದು ಕರಿ ಹಿಡಿ, ಅದರ ತುದಿಗೆ ಮೆತ್ತನೆಯ ಬಿಳಿ ಚೆಂಡು.

ಮೈಸೂರಿನಿಂದ ಜಾತ್ರೆಗೆಂದು ಬಂದ ಅತ್ತೆ ಮಗ ಬ್ಯಾಗಿನಿಂದ ತೆಗೆದ ಮಾಲಿದು. 2010ರಲ್ಲಿ ಸೋನಿ ಬಿಟ್ಟ ಪ್ಲೇಸ್ಟೇಷನ್ ಮೂವ್, ಜೊತೆಗೆ ಕ್ಯಾಮೆರಾ, ಸ್ಪೋರ್ಟ್ಸ್ ಚಾಂಪಿಯನ್ಸ್ ಆಟದ ಡಿಸ್ಕು. ಎಲ್ಲ ಸೇರಿ ಎರಡೂವರೆ ಸಾವಿರ ಅನ್ನುತ್ತಾನೆ. ನಿಮ್ಮ ಹಳೇ ಗೇಮ್ ಪೆಟ್ಟಿಗೆ ಪಿಎಸ್3 ಟಿವಿಯ ಕೆಳಗೆ ಗುಂಯ್‌ಗುಡುತ್ತಿದೆ.

"ಮೊದ್ಲು ಕೈಗೆ ಪಟ್ಟಿ ಹಾಕ್ಕಳಿ ಭಾವ. ಟಿವಿ ಒಡುದ್ರೆ ನಂಗೊತ್ತಿಲ್ಲ."

ತಮಾಷೆಯ ಮಾತಲ್ಲ. 2006ರಲ್ಲಿ, ಹೀಗೇ ಕೈಯಾಡಿಸಿ ಆಡುವ ನಿಂಟೆಂಡೊ ವೀ ಬಂದ ಹೊಸದರಲ್ಲಿ, ಬೀಸಿದ ರಭಸಕ್ಕೆ ಪಟ್ಟಿ ಕಿತ್ತು ರಿಮೋಟುಗಳು ಹಾರಿ, ಕಂಪನಿ ಸುಮಾರು 32 ಲಕ್ಷ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಗಬೇಕಾಯಿತು. ಟಿವಿಯ ಕಂತು ಇನ್ನೂ ತೀರಿಲ್ಲ. ಮಣಿಕಟ್ಟಿನ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡುತ್ತೀರಿ.

ಚೆಂಡು ಹೊತ್ತಿಕೊಳ್ಳುತ್ತದೆ, ಗೋಡೆಯ ಬಣ್ಣಕ್ಕೆ ಬೆರೆಯದ ಬಣ್ಣವನ್ನು ತಾನೇ ಆರಿಸಿಕೊಂಡು. ಚೆಂಡು ದೊಡ್ಡದಾಗಿ ಕಂಡರೆ ನೀವು ಹತ್ತಿರ, ಚಿಕ್ಕದಾದರೆ ದೂರ, ಕ್ಯಾಮೆರಾದ ಲೆಕ್ಕ ಇಷ್ಟೇ. ಮಣಿಕಟ್ಟು ಎತ್ತ ತಿರುಗಿತು ಅನ್ನುವುದನ್ನು ಒಳಗಿನ ಗೈರೋಸ್ಕೋಪು ಹೇಳುತ್ತದೆ.

ಬಿಲ್ಲುಗಾರಿಕೆ ಶುರು. ಹೆಗಲ ಹಿಂದೆ ಕೈಹಾಕಿ ಬಾಣ ತೆಗೆಯುತ್ತೀರಿ. ಮುಂದಕ್ಕೆ ಚಾಚಿ, ಟ್ರಿಗರ್ ಬಿಡದೆ ಹಿಂದಕ್ಕೆ ಎಳೆಯುತ್ತೀರಿ. ಭುಜದ ಕೀಲು ಲಟಕ್ಕೆನ್ನುತ್ತದೆ. ಉಸಿರು ಕಟ್ಟಿದೆ. ಬಿಟ್ಟಿರಿ. ನಟ್ಟಿತು! ಅಂಗೈಯೊಳಗೆ ಹಿಡಿ ಗುರ್ರೆಂದು ನಡುಗುತ್ತದೆ. ಆ ನಡುಕ ಮೊಣಕೈವರೆಗೂ ಹತ್ತುತ್ತದೆ. ಇನ್ನೊಂದು ಬಾಣ. ಬೇಗ. ಒಂದು ಹೆಜ್ಜೆ ಹಿಂದೆ. ಎಳೆ, ಎಳೆ... ಫಟ್! ಮೊಣಕೈ ಕಂಬಕ್ಕೆ. ಕಣ್ಣಲ್ಲಿ ನೀರು. ಚೆಂಡು ಕಂಬದ ಮರೆಗೆ ಬಿದ್ದಿದೆ, ಪರದೆಯ ಕೈ ಎತ್ತಲೋ ಹೋಗಿದೆ.

ಮೊಣಕೈ ನೀವಿಕೊಳ್ಳುವಾಗ ಲೆಕ್ಕ ಶುರುವಾಗುತ್ತದೆ. ಕ್ಯಾಮೆರಾದಿಂದ ಐದಾರು ಅಡಿಯಾದರೂ ಹಿಂದೆ ನಿಲ್ಲಬೇಕು. ಅಂದರೆ ದಿನಾ ರಾಗಿ ಮೂಟೆ ಸರಿಸಬೇಕು, ಅಮ್ಮನ ಬೈಗುಳ ಕೇಳಬೇಕು. ನಿಮ್ಮಲ್ಲಿರುವ ಡಿಸ್ಕುಗಳಲ್ಲಿ ಮೂವ್‌ಗೆ ಓಗೊಡುವುದು ಒಂದೂ ಇಲ್ಲ. ಎಡಗೈಯಲ್ಲಿ ಬಿಲ್ಲು ಹಿಡಿದ ಹಾಗನ್ನಿಸಬೇಕಾದರೆ ಇನ್ನೊಂದು ಮೂವ್ ಬೇಕು. ಆದರೂ ಅಂಗೈ ಆ ನಡುಕವನ್ನು ಮತ್ತೆ ಕೇಳುತ್ತಿದೆ.

ಬಾಗಿಲಲ್ಲಿ ನಿಂತ ಅಪ್ಪ ಕೆಮ್ಮುತ್ತಾರೆ. "ಹಲ್ಲು ನೋಡ್ದಂಗಾಯ್ತು ಕಣ್ ಮಗ. ಹೂಡಿ ನೋಡ್ದೆ ಎತ್ತು ತಗೊಂಡವ್ರುಂಟಾ?"

ಅತ್ತೆ ಮಗ ನಗುತ್ತಾ ಹೆಗಲ ಟವೆಲ್ಲನ್ನು ಇಬ್ಬರ ಕೈಗಳ ಮೇಲೂ ಹಾಸುತ್ತಾನೆ, ಕೆಳಗೆ ದಲ್ಲಾಳಿಗಳು ಮಾಡುವ ಹಾಗೆ. ಇಷ್ಟು ಹೊತ್ತು ಕ್ಯಾಮೆರಾಕ್ಕೆ ಕಾಣಲೆಂದೇ ಬೀಸಿದ ಕೈಯನ್ನು ಈಗ ಯಾರಿಗೂ ಕಾಣದಂತೆ ಮುಚ್ಚಬೇಕು. ಬೆವರಿದ ಬೆರಳುಗಳು ನಿಮ್ಮ ಎರಡು ಬೆರಳನ್ನು ಅದುಮುತ್ತವೆ. ಎರಡು ಸಾವಿರ; ಐನೂರು ಇಳಿದಿದ್ದಾನೆ. ಒಪ್ಪಿಬಿಡಲೇ? ಎದೆ ಡವಗುಟ್ಟುತ್ತಿದೆ.

ಮಂಚದ ಮೇಲಿಟ್ಟ ಚೆಂಡು ಪಕ್ಕನೆ ಆರುತ್ತದೆ.

"ಬ್ಯಾಟ್ರಿ ಸ್ವಲ್ಪ ವೀಕು ಭಾವ. ವೈರ್ ಹಾಕ್ಕಂಡೇ ಆಡ್ಬೋದು."

ವೈರ್ ಹಾಕಿಕೊಂಡು ಹೆಗಲ ಹಿಂದಿನ ಬಾಣ ತೆಗೆಯುವುದೇ? ನೀವು ಅವನ ಒಂದೇ ಬೆರಳು ಹಿಡಿಯುತ್ತೀರಿ.

"ಹಂಗಾದ್ರೆ ಡಿಸ್ಕ್ ಕೊಡಾಕಿಲ್ಲ."

"ಹಂಗಾದ್ರೆ ಬ್ಯಾಡ ಬುಡು," ಎಂದು ಟವೆಲ್ಲಿನಡಿಯಿಂದ ಕೈ ಎಳೆದುಕೊಳ್ಳುತ್ತೀರಿ.