ಹಿತ್ತಿಲ ಚಕ್ಕೋತ

ಋತುವಿಗೊಂದು ಹಣ್ಣು ಎಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಕ್ರಮ. ಬೇಸಗೆಗೆ ಮಾವು, ಹಲಸು. ಚಳಿಗೆ ಕಿತ್ತಳೆ, ಸೀಬೆ. ನಮ್ಮ ಮನೆಯ ಮಾಗಿಗೆ ಮಾತ್ರ ಇವುಗಳೊಡನೆ ಇನ್ನೊಬ್ಬ ಅತಿಥಿ ಉಂಟು, ಅದು ಚಕ್ಕೋತ. ಇಂದಿನ ಮಕ್ಕಳಲ್ಲಿ ಅನೇಕರು ಇದನ್ನು ಕಂಡವರಲ್ಲ. ಹೆಸರು ಕೇಳಿದೊಡನೆ ಸಾರಿಗೆ ಹಾಕುವ ಚಕ್ಕೋತ ಸೊಪ್ಪನ್ನು ನೆನೆಯುವವರೂ ಇದ್ದಾರೆ. ಅದು ಬೇರೆ, ಇದು ಬೇರೆ. ನಿಂಬೆ, ಕಿತ್ತಳೆಗಳ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡ ಹಣ್ಣಿದು. ಒಂದೊಂದು ಹಣ್ಣು 1ರಿಂದ 2 ಕಿಲೋ ತೂಗುವುದುಂಟು.

ನಮ್ಮ ನಾಡಿನಲ್ಲಿ ದೇವನಹಳ್ಳಿಯ ಚಕ್ಕೋತ ಹೆಸರಾದದ್ದು. ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಆ ಸೀಮೆಯಲ್ಲಿದ್ದ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ, ಬಾವಿಯ ಪಕ್ಕಕ್ಕೆ, ಒಂದು ಮರವಿತ್ತು. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಆರಂಭವಾದ ಆಚೀಚಿನ ವರ್ಷಗಳಲ್ಲಿ ಸುತ್ತಲಿನ ತೋಟಗಳು ಒಂದೊಂದಾಗಿ ನಿವೇಶನಗಳಾದವು. ನಮ್ಮ ಹಿತ್ತಿಲೂ ಉಳಿಯಲಿಲ್ಲ. ಬೀಜ ತಂದು ನೆಡೋಣವೆಂದು ನಾವೆಂದಾಗ ಅಪ್ಪಾಜಿಯವರು ಒಪ್ಪಲಿಲ್ಲ. “ಬೀಜದಿಂದ ಹುಟ್ಟಿದ ಗಿಡ ತಾಯಿಯ ರುಚಿಯನ್ನೇ ಕೊಡುತ್ತದೆಂಬ ಭರವಸೆಯಿಲ್ಲ” ಎಂದರು. ಆ ಮಳೆಗಾಲದಲ್ಲಿ ತಾವೇ ಒಂದು ಕೊಂಬೆಯ ತೊಗಟೆಯನ್ನು ಬೆರಳಗಲ ಉಂಗುರದಂತೆ ಬಿಡಿಸಿ, ಹಸಿ ಮಣ್ಣು ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಗೂಟಿ ಕಟ್ಟಿದರು. ಬೇರೊಡೆದ ಮೇಲೆ ಕೊಂಬೆಯನ್ನು ಕತ್ತರಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ತಂದರು. ಮರ ಹೋಯಿತು, ಅದರ ಕೊಂಬೆ ನಮ್ಮಲ್ಲಿ ಮರವಾಯಿತು.

ಚಕ್ಕೋತ ತಿನ್ನುವುದಕ್ಕೆ ಅವಸರ ಸಲ್ಲದು. ಸಿಪ್ಪೆ ದಪ್ಪವಾದ್ದರಿಂದ ಹಣ್ಣು ಕಿತ್ತ ಮೇಲೂ ವಾರಗಟ್ಟಲೆ ಕೆಡದು. ಕೆಲವು ದಿನ ಇಟ್ಟರೆ ಹುಳಿ ಇಳಿದು ಸಿಹಿ ಏರಿದಂತೆ ತೋರುತ್ತದೆ. ಭಾನುವಾರ ಪೂಜೆ ಮುಗಿದ ಬಳಿಕ ಅಪ್ಪಾಜಿಯವರು ಜಗಲಿಯ ಬಿಸಿಲಿನಲ್ಲಿ ಚಾಪೆ ಹಾಸಿ ಕೂರುತ್ತಾರೆ. ಸಿಪ್ಪೆಯನ್ನು ಚಾಕುವಿನಿಂದ ಗೀರಿ, ಒಳಗಿನ ಬೆಂಡಿನಂಥ ಬಿಳಿ ಭಾಗವನ್ನು ಬಿಡಿಸಿ, ತೊಳೆಗಳನ್ನು ಬೇರ್ಪಡಿಸುತ್ತಾರೆ. ಪ್ರತಿ ತೊಳೆಯ ಮೇಲಿನ ಕಹಿ ಪೊರೆಯನ್ನು ಸುಲಿದರೆ ಒಳಗೆ ನಸುಗೆಂಪಿನ ಮುತ್ತುಗಳು. ಹಾಗೆಯೇ ತಿನ್ನಬಹುದು; ಉಪ್ಪು, ಚಿಟಿಕೆ ಖಾರದ ಪುಡಿ ಉದುರಿಸಿದರೆ ನಾಲಗೆ ಇನ್ನೂ ಬೇಡುತ್ತದೆ.

ಮೂರು ವರ್ಷಗಳ ಹಿಂದೆ ಅಪ್ಪಾಜಿಯವರಿಗೆ ಕೊಲೆಸ್ಟ್ರಾಲಿನ ಮಾತ್ರೆ ಆರಂಭವಾಯಿತು. ಮನೆಯ ಮರದ ವಿಚಾರ ಮಾತಿಗೆ ಬಂದಾಗ ವೈದ್ಯರು, ಚಕ್ಕೋತದ ಕೆಲವು ಅಂಶಗಳು ಕರುಳಿನಲ್ಲಿ ಔಷಧವನ್ನು ಕರಗಿಸುವ ಕಿಣ್ವವನ್ನು ತಡೆಯುತ್ತವೆ. ಹಾಗಾಗಿ ಕೆಲವು ಮಾತ್ರೆಗಳ ಪ್ರಭಾವ ಮೈಯಲ್ಲಿ ಮಿತಿಮೀರಬಹುದು. ತಮ್ಮ ಮಾತ್ರೆಯೂ ಅಂಥದ್ದೇ, ಹಣ್ಣು ಬಿಡಿ ಎಂದರು. ಇಂಥ ಮಾತ್ರೆ ನುಂಗುವ ಹಿರಿಯರಿರುವ ಮನೆಗಳವರು ತಮ್ಮ ವೈದ್ಯರನ್ನು ಒಮ್ಮೆ ಕೇಳಿ ತಿಳಿಯುವುದು ಒಳ್ಳೆಯದು.

ಆ ವರ್ಷ ನಾವು ಹಣ್ಣುಗಳನ್ನೆಲ್ಲ ಅವರ ಕಣ್ಣಿಗೆ ಬೀಳದಂತೆ ಹಂಚಿಬಿಡಲು ನಿಶ್ಚಯಿಸಿದೆವು. ಅವರು ಆಡಲಾಗದ ನೋವನ್ನು ನಾವೇ ಊಹಿಸಿಕೊಂಡಿದ್ದೆವು. ಭಾನುವಾರ ಬೆಳಿಗ್ಗೆ ನೋಡಿದರೆ ಅಪ್ಪಾಜಿಯವರು ಎಂದಿನಂತೆ ಚಾಪೆ ಹಾಸಿ, ಚಾಕು ಹಿಡಿದು ಕುಳಿತಿದ್ದಾರೆ. “ಹಣ್ಣೆಲ್ಲಿ? ತಿನ್ನಬೇಡ ಅಂದರೇ ಹೊರತು ಸುಲಿಯಬೇಡ ಅನ್ನಲಿಲ್ಲವಲ್ಲ” ಎಂದರು. ನಮಗೆ ನಾಚಿಕೆಯಾಯಿತು.

ಅಂದು ಮೊಮ್ಮಗಳು ತಟ್ಟೆಯಿಂದ ಒಂದು ತೊಳೆ ಎತ್ತಿ, “ತಾತ, ನಿಮಗೆ?” ಎಂದಳು. ಅವರು ಸಿಪ್ಪೆಯ ತುಂಡೊಂದನ್ನು ಮಡಿಸಿ ಹಿಂಡಿ, ಮೂಗಿಗೆ ಹಿಡಿದು, “ನನಗೆ ಇಷ್ಟು ಸಾಕು ತಾಯಿ. ಮೊದಲು ಪಕ್ಕದ ಮನೆಗೆ ಕೊಟ್ಟು ಬಾ” ಎಂದರು.

ಈ ಮಳೆಗಾಲದಲ್ಲಿ ಅವರು ಮತ್ತೆ ಎರಡು ಗೂಟಿ ಕಟ್ಟಿದ್ದಾರೆ. ಒಂದು ಪಕ್ಕದ ಮನೆಗೆ, ಇನ್ನೊಂದು ಮೊಮ್ಮಗಳ ಶಾಲೆಯ ಅಂಗಳಕ್ಕೆ. ತಾವು ತಿನ್ನಲಾಗದ ಹಣ್ಣಿಗೂ ಬೇರು ಹುಡುಕುವ ಆ ಕೈಗಳನ್ನು ಕಾಣುವಾಗ, ಇಷ್ಟು ದಿನ ನಾವು ಬರಿಯ ರುಚಿಯನ್ನಷ್ಟೇ ಕಲಿತಿದ್ದೆವೆಂದು ತೋರುತ್ತದೆ.