ದುಂಬಿಯ ಎಂಜಲು, ಲಿಂಗದ ಹೂವು



ಭಕ್ತಿಭಂಡಾರಿ ಬಸವಣ್ಣನವರು ಒಂದು ವಚನದಲ್ಲಿ ಪೂಜೆಯ ಸಾಮಗ್ರಿಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಹಾಲನ್ನು ನೋಡಿದರೆ ಕರು ಮೊದಲೇ ಬಾಯಿಟ್ಟಿದೆ. ನೀರನ್ನು ನೋಡಿದರೆ ಮೀನು ಅದರಲ್ಲಿ ಬಾಳಿದೆ. ಹೂವನ್ನು ನೋಡಿದರೆ ದುಂಬಿ ಸವಿದು ಹೋಗಿದೆ. ಈ ಎಂಜಲನ್ನು ಕಳೆಯುವುದು ತಮ್ಮ ಶಕ್ತಿಗೆ ಮೀರಿದ್ದೆಂದು ಒಪ್ಪಿಕೊಂಡು, ಬಂದದ್ದನ್ನೇ ಸ್ವೀಕರಿಸಬೇಕೆಂದು ಕೂಡಲಸಂಗಮದೇವನಲ್ಲಿ ಬಿನ್ನವಿಸಿಕೊಳ್ಳುತ್ತಾರೆ. ಈ ವಚನವನ್ನು ಬಾಹ್ಯ ಮಡಿಯ ನಿರಾಕರಣೆಯೆಂದು ವ್ಯಾಖ್ಯಾನಿಸುವುದು ವಾಡಿಕೆ. ಅದು ಸರಿಯೇ. ಆದರೆ ಶ್ರೀಮಠದ ಹೂದೋಟದ ಕೆಲಸದಲ್ಲಿ ಕೆಲವು ವರ್ಷ ಕೈಜೋಡಿಸಿದ ಮೇಲೆ, ಇದರಲ್ಲಿ ಇನ್ನೂ ಒಂದು ಅರ್ಥವಿದೆಯೆಂದು ನನಗೆ ತೋರಿದೆ. ಅದನ್ನು ತಮ್ಮಲ್ಲಿ ನಿವೇದಿಸುತ್ತೇನೆ.

ದಾಸೋಹ ಮನೆಯ ಹಿಂದಿನ ನೆಲ ದಿನವಿಡೀ ಬಿಸಿಲು ಬೀಳುವಂಥದು. ಅರ್ಧದಲ್ಲಿ ಪೂಜೆಯ ಹೂವು, ಇನ್ನರ್ಧದಲ್ಲಿ ದಾಸೋಹಕ್ಕೆ ಬೇಕಾದ ಕುಂಬಳ, ಸೌತೆ. ಹೂವಿನ ಭಾಗದಲ್ಲಿ ಹಿಂದೆ ಗುಲಾಬಿ ಮತ್ತು ಸೇವಂತಿಗೆಗಳೇ ತುಂಬಿದ್ದವು. ಅವುಗಳಿಗೆ ಮೇಲಿಂದ ಮೇಲೆ ನೀರು, ಗೊಬ್ಬರ, ಔಷಧ ಸಿಂಪಡಣೆ. ನಸುಕಿನಲ್ಲೇ ಹೂವೆತ್ತುವ ಕಾಯಕ ಮುಗಿದರೆ ಗಿಡದಲ್ಲಿ ಒಂದು ಮೊಗ್ಗೂ ಉಳಿಯುತ್ತಿರಲಿಲ್ಲ. ಅತ್ತ ಕುಂಬಳದ ಬಳ್ಳಿ ಹುಲುಸಾಗಿ ಹಬ್ಬಿದರೂ ಹೀಚುಗಳು ಹಳದಿಯಾಗಿ ಉದುರುತ್ತಿದ್ದವು. ಗೊಬ್ಬರ ಸಾಲದೆಂದು ಎಲ್ಲರೂ ಭಾವಿಸಿದೆವು. ದರ್ಶನಕ್ಕೆ ಬಂದಿದ್ದ ವೃದ್ಧ ಒಕ್ಕಲಿಗರೊಬ್ಬರು ಬಳ್ಳಿಯನ್ನು ಎತ್ತಿ ನೋಡಿ, "ತಮ್ಮಾ, ಗೊಬ್ಬರ ಕಡಿಮಿ ಆಗಿಲ್ಲ. ಹುಳ ಬರೂದು ನಿಂತೈತಿ" ಎಂದರು.

ಕುಂಬಳದಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಇವು ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತವೆ. ಆ ಅಲ್ಪಾವಧಿಯಲ್ಲಿ ಜೇನ್ನೊಣವೋ ದುಂಬಿಯೋ ಪರಾಗವನ್ನು ಗಂಡುಹೂವಿನಿಂದ ಹೆಣ್ಣುಹೂವಿಗೆ ಒಯ್ಯದಿದ್ದರೆ ಕಾಯಿ ಕಟ್ಟದು. ಕುಂಬಳದ ಹೂವು ಇರುವುದು ಕೆಲವು ತಿಂಗಳು ಮಾತ್ರ. ಉಳಿದ ಕಾಲದಲ್ಲೂ ಆ ಜೀವಿಗಳಿಗೆ ಆಹಾರ ಬೇಕು. ಹೂವನ್ನೆಲ್ಲ ಎತ್ತಿ, ಉಳಿದುದಕ್ಕೆ ವಿಷವೆರೆದ ತೋಟಕ್ಕೆ ಅವು ಏಕೆ ಬಂದಾವು?

ಹೂವಿನಲ್ಲಿ ಒಂದು ಪಾಲನ್ನು ಗಿಡದಲ್ಲೇ ಬಿಡಬೇಕೆಂಬ ಮಾತು ಬಂದಾಗ, ಬಹುಕಾಲದಿಂದ ಹೂವೆತ್ತುವ ಸೇವೆ ಮಾಡುತ್ತಿದ್ದ ತಾಯಿಯೊಬ್ಬರು ನೊಂದರು. "ಹುಳ ಕುಂತ ಹೂವು ಲಿಂಗಪ್ಪಗ ಹೆಂಗ ಏರಸೂದ್ರಿ?" ಎಂಬುದು ಅವರ ಪ್ರಶ್ನೆ. ಅದು ಅಜ್ಞಾನದ ಮಾತಲ್ಲ, ನಿಷ್ಠೆಯ ಮಾತು. ಪೂಜ್ಯರು ಉತ್ತರವಾಗಿ ಮೇಲೆ ಹೇಳಿದ ವಚನವನ್ನು ಓದಿಸಿದರು, ಅಷ್ಟೇ.

ಎಂಜಲೆಂದರೆ ಒಬ್ಬರು ಉಂಡರೆಂಬುದರ ಗುರುತು. ಹೂವು ಮೊದಲು ದುಂಬಿಗೆ ಉಣಬಡಿಸಿದೆ. ಬಳಿಕ ಲಿಂಗದ ಮೇಲೆ ಬಂದಿದೆ. ಗಿಡ ಬೇರೂರಿದ ಸ್ಥಾವರ. ದುಂಬಿಯೋ ಸಂಚರಿಸುವ ಜಂಗಮ. ಜಂಗಮಕ್ಕೆ ನೀಡಿದ ಮೇಲೆ ಉಳಿದದ್ದನ್ನು ಪ್ರಸಾದವೆಂದು ಕೈಕೊಳ್ಳುವ ಧರ್ಮ ನಮ್ಮದು. ಹಾಗಿರುವಾಗ ದುಂಬಿ ಮುಟ್ಟಿದ ಹೂವು ಮೈಲಿಗೆಯಲ್ಲ, ದಾಸೋಹವನ್ನು ಪೂರೈಸಿ ಬಂದ ಹೂವು.

ಈ ದೃಷ್ಟಿಯಿಂದ ತೋಟದ ಗಿಡಗಳನ್ನು ಮತ್ತೆ ಆರಿಸಿದೆವು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನಿಲ್ಲುವ, ಬಿಸಿಲಿಗೆ ಬಾಡದ ಗಿಡಗಳು ನಮ್ಮ ನೆಲದಲ್ಲೇ ಹೇರಳವಾಗಿವೆ. ಶಿವನಿಗೆ ಪ್ರಿಯವೆನ್ನುವ ಎಕ್ಕ ನೀರನ್ನೇ ಬೇಡುವುದಿಲ್ಲ. ಅದರ ಪರಾಗ ಪುಡಿಯಾಗಿ ಉದುರದೆ ಪುಟ್ಟ ಗಂಟುಗಳಾಗಿ ಅಂಟಿಕೊಂಡಿರುತ್ತದೆ. ಕಪ್ಪನೆಯ ದೊಡ್ಡ ಬಡಗಿ ದುಂಬಿಯೇ ಅದನ್ನು ಎಳೆದೊಯ್ಯುತ್ತದೆ. ಎಕ್ಕದ ಹಾಲು ಕಣ್ಣಿಗೆ ಹಾನಿಕರ, ಎಚ್ಚರ ಬೇಕು. ನಿತ್ಯಪುಷ್ಪ ಹೆಸರಿಗೆ ತಕ್ಕಂತೆ ವರ್ಷವಿಡೀ ಅರಳಿ ಚಿಟ್ಟೆಗಳನ್ನು ಕರೆಯುತ್ತದೆ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ನಂದಿಬಟ್ಟಲು ರಾತ್ರಿ ಕಂಪು ಬೀರಿ ಪತಂಗಗಳನ್ನು ಕರೆಯುತ್ತದೆ. ಶಂಖಪುಷ್ಪದ ಬಳ್ಳಿ ಬೇಲಿಗೆ ಹಬ್ಬುವುದಲ್ಲದೆ ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತದೆ. ತುಳಸಿಯ ಕದಿರನ್ನು ಚಿವುಟದೆ ಬಿಟ್ಟರೆ ತುಡುವೆ ಜೇನು, ಕೋಲುಜೇನುಗಳು ಮುತ್ತುತ್ತವೆ. ತುಂಬೆ ಬಹುವಾರ್ಷಿಕವಲ್ಲವಾದರೂ ತಾನೇ ಬೀಜವುದುರಿಸಿ ಮುಂದಿನ ಮಳೆಗೆ ಮೊಳೆಯುತ್ತದೆ. ಅದನ್ನು ಕಳೆಯೆಂದು ಕೀಳದಿದ್ದರೆ ಸಾಕು.

ಆಯ್ಕೆಯಲ್ಲಿ ಎರಡು ವಿವೇಕಗಳು ಅಗತ್ಯ. ದಾಸವಾಳ, ನಂದಿಬಟ್ಟಲುಗಳಲ್ಲಿ ಒಂಟಿ ಸುತ್ತಿನ ಎಸಳಿನವನ್ನೇ ನೆಡಬೇಕು. ಹಲವು ಸುತ್ತಿನ ಮುದ್ದೆ ಹೂಗಳಲ್ಲಿ ಸಾಮಾನ್ಯವಾಗಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ನೋಟಕ್ಕೆ ಸಿರಿ, ಬಂದ ಅತಿಥಿಗೆ ಪರಾಗ ವಿರಳ. ಇನ್ನು ಕಣಗಿಲೆ: ಬರವನ್ನು ತಡೆಯುತ್ತದೆ, ಪೂಜೆಗೂ ಸಲ್ಲುತ್ತದೆ, ಆದರೆ ಅದರಲ್ಲಿ ಮಕರಂದವಿಲ್ಲ, ಗಿಡವೆಲ್ಲ ವಿಷ. ಒಂದೆರಡು ಇರಲಿ, ತೋಟವೆಲ್ಲ ಅದೇ ಆಗುವುದು ಬೇಡ. ಹೊರಗೆ ಆಡಂಬರ, ಒಳಗೆ ನೀಡಲು ಏನೂ ಇಲ್ಲದ ಭಕ್ತಿಯನ್ನು ಶರಣರು ಒಪ್ಪಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ತೋಟಿಗನಾದ ಗೊಗ್ಗಯ್ಯನಿಗೆ ಒಳಗಿನ ಕೃಷಿಯನ್ನು ಬೋಧಿಸುವ ಪ್ರಸಂಗವಿದೆ. ದೇಹವನ್ನೇ ತೋಟವಾಗಿಸಿಕೊಂಡ ಪ್ರಭುಗಳು ಅದಕ್ಕೆ ಹಾಕುವುದು ಸಮಭಾವ ಮತ್ತು ತಾಳ್ಮೆಯ ಬೇಲಿ. ಹೊರಗಿನ ತೋಟಕ್ಕೂ ಅದೇ ಬೇಲಿ ಬೇಕು. ಎಲೆಯಲ್ಲಿ ನಾಲ್ಕು ತೂತು ಕಂಡ ಕೂಡಲೇ ವಿಷ ಸಿಂಪಡಿಸದ ಸೈರಣೆ ಬೇಕು. ಎಕ್ಕದ ಎಲೆ ತಿನ್ನುವ ಪಟ್ಟೆಹುಳವೇ ನಾಳಿನ ಚಿಟ್ಟೆ.

ಮನೆಯಂಗಳದಲ್ಲಿ ಮಾಡಬಯಸುವವರಿಗೆ ಕ್ರಮ ಸರಳ. ಮುಂಗಾರಿನ ಆರಂಭದಲ್ಲಿ ಸಸಿ ನೆಡಿರಿ. ಮೊದಲ ಬೇಸಿಗೆ ಮಾತ್ರ ತಪ್ಪದೆ ನೀರು ಕೊಡಿರಿ. ಬೇರು ಇಳಿದ ಮೇಲೆ ಅಪರೂಪಕ್ಕೆ ಸಾಕು. ಒಂದು ಮೂಲೆಯ ಮಣ್ಣನ್ನು ಅಗೆಯದೆ, ಫರಸಿ ಹಾಸದೆ ಬಿಡಿರಿ. ಗೂಡುಕಟ್ಟಿ ಗುಂಪಾಗಿ ಬಾಳದ ಒಂಟಿ ಜೇನುಗಳಲ್ಲಿ ಬಹುಪಾಲು ನೆಲದಲ್ಲೇ ಬಿಲ ತೋಡಿ ಮರಿಮಾಡುತ್ತವೆ. ಹೂವೆತ್ತುವಾಗ ಮೂರರಲ್ಲೊಂದು ಪಾಲನ್ನು ಗಿಡದಲ್ಲೇ ಉಳಿಸಿರಿ.

ಇದರಿಂದ ಗದ್ದುಗೆಯ ಹಾರ ಮೊದಲಿನಷ್ಟು ದಪ್ಪವಾಗಿಲ್ಲ ಎಂಬುದು ನಿಜ. ಕೆಲವು ಸದ್ಭಕ್ತರಿಗೆ ಈ ಬಗ್ಗೆ ಇಂದಿಗೂ ಬೇಸರವಿದೆ. ಆದರೆ ದಾಸೋಹದ ಕುಂಬಳ ಮತ್ತೆ ಕಾಯಿ ಕಟ್ಟುತ್ತಿದೆ. ಆ ತಾಯಿ ಈಗಲೂ ನಸುಕಿಗೇ ಬರುತ್ತಾರೆ. ದುಂಬಿ ಕುಳಿತ ಹೂವು ಕಂಡರೆ ಕೈ ಹಿಂದೆಗೆದು, ಅದು ಉಂಡು ಏಳುವವರೆಗೆ ಬುಟ್ಟಿ ಹಿಡಿದು ಕಾಯುತ್ತಾರೆ.